ಹನ್ನೆರಡು ಅಡಿ ಸ್ಫೂರ್ತಿ

ಕಳೆದ ವರ್ಷ ಜೂನ್ ತಿಂಗಳ ಎರಡನೆಯ ಮಂಗಳವಾರ, ಮಧ್ಯಾಹ್ನ ಮೂರರಿಂದ ಮೂರೂವರೆಯ ನಡುವೆ, ಎಸ್ಸಿಯಾಂಪೋ ಊರಿನ ಕಡಲ ದಂಡೆಯಲ್ಲಿ ಮೀನು ಹೊಗೆಯಾಡಿಸುವ ಶ್ರೀಮತಿ ಅರಾಬಾ ಎಸ್ಸುಮಾನ್ ಅವರ ಚಪ್ಪರದಿಂದ ಒಂದು ತಗಡು ಹಾರಿಹೋಯಿತು. ತಗಡು ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದು ಮೂಲೆಯಲ್ಲಿ ತುಕ್ಕು. ಅದು ಈಶಾನ್ಯ ದಿಕ್ಕಿಗೆ ಹೋದದ್ದನ್ನು ಕಂಡವರಿದ್ದಾರೆ. ಇಳಿದದ್ದನ್ನು ಕಂಡವರಿಲ್ಲ.

ಘಟನೆ ನಡೆದಾಗ, ಜಿಲ್ಲಾ ಮಹಿಳಾ ಉದ್ಯಮಿ ಸ್ಫೂರ್ತಿ ಕಚೇರಿಯ ಹಿರಿಯ ಸಲಹೆಗಾರನಾದ ನಾನು ಸ್ಥಳದಲ್ಲಿಯೇ ಇದ್ದೆ. ಬಾದಾಮಿ ಮರದ ಕೆಳಗೆ ಮೀನುಗಾರರ ಜೊತೆ ಕಾಯಿ ಆಟ ಆಡುತ್ತಿದ್ದೆ. ನಮ್ಮ ಕಡೆ ಮಂಗಳವಾರ ಸಮುದ್ರಕ್ಕೆ ರಜೆ. ಅಂದು ಯಾವ ದೋಣಿಯೂ ನೀರಿಗಿಳಿಯುವುದಿಲ್ಲ, ಹೆಂಗಸರ ಒಲೆಗಳೂ ತಣ್ಣಗಿರುತ್ತವೆ. ಸಮುದ್ರವೇ ರಜೆಯಲ್ಲಿರುವಾಗ ಸಮುದ್ರದ ದಂಡೆಯ ಕಚೇರಿ ಬಾಗಿಲು ತೆರೆದಿಟ್ಟರೆ ಸಂಪ್ರದಾಯಕ್ಕೆ ಅಪಚಾರವಾಗುತ್ತದೆಂದು ನಾನೇ ಒಂದು ಟಿಪ್ಪಣಿ ಬರೆದು, ನಾನೇ ಅದನ್ನು ಪರಿಶೀಲಿಸಿ, ನಾನೇ ಒಪ್ಪಿಗೆ ನೀಡಿದ್ದೆ. ಮಹಿಳೆಯರ ವಿಶ್ರಾಂತಿಗೆ ಭಂಗ ಬಾರದಂತೆ ನಮ್ಮ ಎಲ್ಲ ತರಬೇತಿಗಳನ್ನೂ ಅವರು ಕೆಲಸ ಮಾಡುವ ದಿನಗಳಲ್ಲಿಯೇ ನಡೆಸತಕ್ಕದ್ದು ಎಂಬ ಸಾಲು ಕೂಡ ಅದೇ ಟಿಪ್ಪಣಿಯಲ್ಲಿತ್ತು.

ಮಹಿಳೆಯರಿಗೆ ಉದ್ಯಮ ಹೇಳಿಕೊಡಲು ನನಗೇನು ಅರ್ಹತೆ ಎಂದು ಕೆಲವರು ಕೇಳಿದ್ದಾರೆ. ನಾನು ಗಂಡಸು ಎಂಬುದು ನಿಜ. ಅನುಭವವಿಲ್ಲದವನು ಎಂಬುದು ಸುಳ್ಳು. ಹನ್ನೊಂದು ವರ್ಷದ ಹಿಂದೆ ನಾನು ಬಸವನಹುಳು ಸಾಕಣೆ ಆರಂಭಿಸಿದ್ದೆ. ಮುನ್ನೂರು ಹುಳು. ಈಸ್ಟರಿಗೆ ಅತ್ತೆಯ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಒಂದೂ ಇರಲಿಲ್ಲ. ಕಳ್ಳತನವಾಗಿರಲಿಲ್ಲ; ಬಾಗಿಲು ಹಾಕುವುದನ್ನು ಮರೆತಿದ್ದೆ, ಅವು ನಡೆದುಕೊಂಡೇ ಹೋಗಿದ್ದವು. ಹಿಂದಟ್ಟಿ ಹಿಡಿಯಬಹುದಿತ್ತು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಆ ಅನುಭವವನ್ನಾಧರಿಸಿ 'ಏಳು, ಸೋದರಿ, ಎದ್ದೇಳು' ಎಂಬ ನಲವತ್ತು ಪುಟದ ಪುಸ್ತಿಕೆ ಬರೆದೆ. ಅದನ್ನು ಓದಿದ ಮೇಲಿನವರು ನನಗೆ ಈ ಕೆಲಸ ಕೊಟ್ಟರು. ಬಸವನಹುಳುಗಳಿಂದ ಇಷ್ಟು ದೂರ ಬಂದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ.

ಮರುದಿನ ಬುಧವಾರ ಅರಾಬಾ ಕಚೇರಿಗೆ ಬಂದರು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು; ಮೊಣಕೈವರೆಗೆ ಹೊಗೆಯ ಬಣ್ಣ.

"ಆರ್ಹಿನ್ ಸಾರ್, ನಿನ್ನೆ ನೀವೇ ನೋಡಿದ್ರಲ್ಲ, ನನ್ನ ತಗಡು ಹೋಯ್ತು."

"ನೋಡ್ದೆ ಅಮ್ಮ. ತುಂಬ ಚೆನ್ನಾಗಿ ಹೋಯ್ತು."

"ಒಂದು ತಗಡು ಕೊಡಿಸಿ. ಕೈಲಿದ್ದದ್ದೆಲ್ಲ ದೋಣಿ ಎಣ್ಣೆಗೆ ಹಾಕಿ ಕೂತಿದೀನಿ. ಬೂತಾಯಿ ಮೀನಿನ ಸುಗ್ಗಿ ಬಂದು ಹೋಗ್ಲಿ, ನಾನೇ ಹೊಸ ಸೂರು ಹಾಕಿಸ್ಕೋತೀನಿ. ಅಲ್ಲೀವರೆಗೆ ಒಲೆ ಮೇಲೆ ಮಳೆ ಬೀಳ್ದಂಗೆ ಒಂದೇ ಒಂದು ತಗಡು."

"ನಮ್ಮ ಕಚೇರೀಲಿ ತಗಡು ಕೊಡೋ ಪದ್ಧತಿ ಇಲ್ಲಮ್ಮ."

"ಹೊರಗಡೆ ಬೋರ್ಡಲ್ಲಿ 'ಉದ್ಯಮಿ ಮಹಿಳೆಗೆ ಸಕಲ ನೆರವು' ಅಂತ ಬರೆದಿದೀರಲ್ಲ?"

"ನೆರವು ಅಂದ್ರೆ ಸ್ಫೂರ್ತಿ."

ಅರಾಬಾ ಎರಡೂ ಕೈ ಅಗಲಿಸಿ ಅಳತೆ ಹಿಡಿದರು. "ಅದು ಎಷ್ಟು ಅಡಿ ಬರುತ್ತೆ?"

ಇಂಥ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿಲ್ಲದ ಕಾರಣ ನಾನು ಅರ್ಜಿ ನಮೂನೆ ತೆಗೆದೆ. ಏಳನೆಯ ಕಲಮು: ನಿಮ್ಮ ಏಳಿಗೆಗೆ ಅಡ್ಡಿಯಾಗಿರುವುದು ಯಾವುದು? ಭಯ, ಸಂಕೋಚ, ದೂರದೃಷ್ಟಿಯ ಅಭಾವ, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅರಾಬಾ "ಮಳೆ" ಎಂದರು. ಮಳೆಗೆ ಚೌಕವಿರಲಿಲ್ಲ. ಒಲೆಯ ಮುಂದೆ ನಿಂತು ಮೇಲೆ ನೋಡಿದರೆ ಏನು ಕಾಣುತ್ತದೆ ಎಂದು ಕೇಳಿದೆ. "ಆಕಾಶ" ಎಂದರು. ದೂರದೃಷ್ಟಿಯ ಅಭಾವವಿಲ್ಲ ಎಂದು ಬರೆದು, ಸಂಕೋಚಕ್ಕೆ ಗುರುತು ಹಾಕಿದೆ.

ನಿಯಮ ಹದಿನಾಲ್ಕರ ಪ್ರಕಾರ 'ಕಣ್ಣಿಗೆ ಕಾಣುವ ನೆರವು' ಎಂಬುದೊಂದು ಇದೆ. ಆದರೆ ಅದು ಮೂರು ದಿನದ ಸ್ಫೂರ್ತಿ ತರಬೇತಿಯಲ್ಲಿ ಪೂರ್ತಿ ಹಾಜರಿದ್ದು ಪ್ರಮಾಣಪತ್ರ ಪಡೆದವರಿಗೆ ಮಾತ್ರ. ಹಾಗೆಂದು ವಿವರಿಸಿದೆ. ತರಬೇತಿ ಜುಲೈ ಮೊದಲ ವಾರದ ಬುಧವಾರ, ಗುರುವಾರ, ಶುಕ್ರವಾರ.

"ಮಂಗಳವಾರ ಮಾಡಿ ಸಾರ್. ಅವತ್ತು ನಾವೆಲ್ಲ ಖಾಲಿ ಕೂತಿರ್ತೀವಿ."

"ಅದಕ್ಕೇ ಮಾಡಲ್ಲ. ನಿಮ್ಮ ವಿಶ್ರಾಂತಿ ಹಾಳಾಗಬಾರದು."

"ಹಂಗಾದ್ರೆ ದೋಣಿ?"

ಈ ದೋಣಿಯ ವಿಷಯ ಹೇಳಲೇಬೇಕು. ನಮ್ಮ ದಂಡೆಯಲ್ಲಿ ಒಂದೊಂದು ದೋಣಿಗೂ ಒಬ್ಬೊಬ್ಬಳು ಹೆಂಗಸು. ದೋಣಿ ದಡ ಮುಟ್ಟುವ ಹೊತ್ತಿಗೆ ಅವಳು ಬೋಗುಣಿ ಹಿಡಿದು ಒದ್ದೆ ಮರಳಿನ ಮೇಲೆ ನಿಂತಿರಬೇಕು. ಬಂದ ಮೀನು ಅವಳದು. ಒಂದೇ ವರ್ಷದಲ್ಲಿ ಮೂರು ಸಲ ಅವಳು ಕಾಣದಿದ್ದರೆ ನಾಯಕ ದೋಣಿಯನ್ನು ಬೇರೆಯವಳಿಗೆ ಕೊಟ್ಟುಬಿಡುತ್ತಾನೆ. ಅದಕ್ಕೆ ಜಗಳವೂ ಇಲ್ಲ, ಕಾಗದವೂ ಇಲ್ಲ. ಎಗ್ಯಾ ಅಬಾಕಾ ಎಂಬ ಹಿರಿಯರ ದೋಣಿಗೆ ಅರಾಬಾ ಅವರ ತಾಯಿ ಮೂವತ್ತು ವರ್ಷ ನಿಂತಿದ್ದರು, ಅರಾಬಾ ಹತ್ತೊಂಬತ್ತು ವರ್ಷ. ಇಬ್ಬರೂ ಒಂದು ಸಲವೂ ತಪ್ಪಿದ್ದಿಲ್ಲ. ಅವರಿಗೆ ಯಾರೂ ಸ್ಫೂರ್ತಿ ಕೊಟ್ಟಿರದ ಕಾಲ ಅದು.

ತರಬೇತಿಯ ಮೊದಲ ದಿನ ಅರಾಬಾ ಹೊರಟಾಗ ಪಕ್ಕದ ಚಪ್ಪರದ ಎಫುವಾ ಒತೂ ತನ್ನ ಒಲೆಯ ಮುಂದೆ ನಿಂತು ಕೂಗಿದರಂತೆ. "ಅಕ್ಕಾ, ಸ್ಫೂರ್ತಿ ತರೋಕೆ ಬರಿಗೈಲಿ ಹೋಗ್ತಿದೀಯಲ್ಲ! ಪಾತ್ರೆ ತಗೊಂಡು ಹೋಗೇ, ಚೆಲ್ಲೀತು!"

"ನೀನು ನಿನ್ನ ಹೊಗೆ ನೋಡ್ಕೊಳ್ಳೇ. ನನ್ನ ದೋಣಿ ಕಡೆ ನೋಡ್ಬೇಡ."

"ನೋಡಲ್ಲ ಬಿಡು. ಅದು ತಾನೇ ಬಂದು ನನ್ನ ಕಾಲ ಹತ್ರ ನಿಂತ್ರೆ ಏನು ಮಾಡ್ಲಿ?"

ನಮ್ಮಲ್ಲಿ ಅಧ್ಯಕ್ಷರಿಲ್ಲದೆ ಮಗುವಿಗೆ ಹೆಸರನ್ನೂ ಇಡುವುದಿಲ್ಲ. ಮೊದಲು ಅಧ್ಯಕ್ಷರನ್ನು ಪರಿಚಯಿಸುವವರನ್ನು ಪರಿಚಯಿಸಬೇಕು. ಅವರು ಅಧ್ಯಕ್ಷರ ಜೀವನಚರಿತ್ರೆ ಹೇಳಬೇಕು. ಅಧ್ಯಕ್ಷರು ಎದ್ದು ಈ ಪೀಠಕ್ಕೆ ತಾವು ಯೋಗ್ಯರಲ್ಲವೆಂದು ಮುಕ್ಕಾಲು ಗಂಟೆ ವಾದಿಸಿ, ಕೊನೆಗೆ ಒಪ್ಪಿಕೊಳ್ಳಬೇಕು. ಆಮೇಲೆ ಸಮಾರೋಪದಲ್ಲಿ ಅವರೇ ಮತ್ತೆ ಮಾತಾಡಬೇಕು. ನಡುವೆ ಸಮಯ ಉಳಿದರೆ ಕಾರ್ಯಕ್ರಮ. ಬುಧವಾರ ಸಮಯ ಉಳಿಯಲಿಲ್ಲ. ಅಧ್ಯಕ್ಷರು ಪೀಠವನ್ನು ಒಪ್ಪಿಕೊಳ್ಳುವ ಮೊದಲೇ ದೋಣಿ ಬಂದು ಹೋಗಿತ್ತು. ಒಂದು.

ಗುರುವಾರ ದೋಣಿ ಬೇಗ ಬಂತು. ಅರಾಬಾ ಮೀನು ಇಳಿಸಿಕೊಂಡು, ತೋಳಿಗಂಟಿದ ಮೀನಿನ ಪೊರೆಗಳ ಸಮೇತ ಓಡಿಬಂದು ಕೂತರು. ಸಮಯಪಾಲನೆಯ ಬಗ್ಗೆ ನಾನು ಒಂದು ಗಂಟೆ ಮಾತಾಡಿದೆ. ನಾನೂ ಅಂದು ತಡವಾಗಿ ಬಂದಿದ್ದರಿಂದ ವಿಷಯ ಹೊಸದಾಗಿಯೇ ಇತ್ತು.

ಶುಕ್ರವಾರ ನಮ್ಮ ನಿರ್ದೇಶಕಿ ಮೇಡಂ ಫ್ಲಾರೆನ್ಸ್ ಕ್ವಾನ್ಸಾ ರಾಜಧಾನಿ ಅಕ್ರಾದಿಂದ ಬಂದು 'ಇಲ್ಲ ಎನ್ನುವ ಧೈರ್ಯ' ಎಂಬ ವಿಷಯ ತೆಗೆದುಕೊಂಡರು. ಉದ್ಯಮಿ ಮಹಿಳೆ ಅನಗತ್ಯ ಬೇಡಿಕೆಗಳಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಬೇಕು ಎಂದರು. ಹತ್ತು ಗಂಟೆಗೆ ಅರಾಬಾ ಎದ್ದು ನಿಂತರು.

"ಮೇಡಂ, ನಾನಿನ್ನು ಇಲ್ಲಿ ಕೂರಲ್ಲ. ದೋಣಿ ಬರೋ ಹೊತ್ತಾಯ್ತು."

"ನೋಡಿ, ಎಲ್ಲರೂ ನೋಡಿ!" ಎಂದರು ಮೇಡಂ. "ಎಷ್ಟು ಸ್ಪಷ್ಟವಾಗಿ ಹೇಳಿದ್ರು! ಅಭ್ಯಾಸ ಬಹಳ ಚೆನ್ನಾಗಿದೆ. ಕೂತ್ಕೊಳ್ಳಮ್ಮ, ಈಗ ಮುಂದಿನವರು."

ಅಷ್ಟರಲ್ಲಿ ಬಾಗಿಲ ಬಳಿ ಊಟದ ಕೆಂಕಿಯ, ಅಂದರೆ ಮೆಕ್ಕೆಜೋಳದ ಹುಳಿ ಕಡುಬಿನ, ಬುಟ್ಟಿಗಳನ್ನು ಇಟ್ಟಿದ್ದರಿಂದ ಹೊರಗೆ ಹೋಗಲು ದಾರಿಯೂ ಇರಲಿಲ್ಲ. ಎರಡು.

ಮಧ್ಯಾಹ್ನ ಎಲ್ಲರಿಗೂ ಕೆಂಕಿ, ಖಾರದ ಚಟ್ನಿ ಬಡಿಸಲಾಯಿತು. ಮೀನು ಇರಲಿಲ್ಲ. ಊರಿನ ಮೀನು ಮಾಡುವ ಹೆಂಗಸರೆಲ್ಲ ತರಬೇತಿಯಲ್ಲಿದ್ದರು. ಎಫುವಾ ಒಬ್ಬರು ಬಂದಿರಲಿಲ್ಲ. ಅವರಿಗೆ ಅಂದು ಎರಡು ದೋಣಿಯ ಕೆಲಸವಿತ್ತು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅರಾಬಾ ಅವರ ಕಡತವನ್ನು ಮೇಲಕ್ಕೆ ಕಳಿಸಿದೆ. ಎರಡು ವಾರದ ಮೇಲೆ ವಾಪಸು ಬಂತು. ಸೂರಿನ ಮೇಲೆ ಹಾಕಿದ ತಗಡು ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲವಾದ್ದರಿಂದ ಅದು 'ಕಣ್ಣಿಗೆ ಕಾಣುವ ನೆರವು' ಆಗಲಾರದು ಎಂದು ಸಮಿತಿ ಅಭಿಪ್ರಾಯಪಟ್ಟಿತ್ತು. ಅದಕ್ಕೆ ಸಮಜಾಯಿಷಿ ಬರೆಯುವಷ್ಟರಲ್ಲಿ ಎರಡನೆಯ ತಗಡು ಹಾರಿತು. ಅರ್ಜಿಯಲ್ಲಿ 'ಒಂದು ತಗಡು' ಎಂದಿದ್ದ ಕಾರಣ ಹೊಸ ಅರ್ಜಿ ಬೇಕಾಯಿತು. ಹೊಸ ಅರ್ಜಿಗೆ ಮೊಹರು ಬೀಳುವ ದಿನ ಮೂರನೆಯದು ಹೋಯಿತು.

"ಪೂರ್ತಿ ಹಾರಿಹೋಗ್ಲಿ ಬಿಡಮ್ಮ, ಒಂದೇ ಸಲ ಬರೆಯೋಣ" ಎಂದೆ. ಅರಾಬಾ ನನ್ನನ್ನು ನೋಡಿದ ರೀತಿಯನ್ನು ಕಡತದಲ್ಲಿ ದಾಖಲಿಸಿಲ್ಲ.

ಆಗಸ್ಟ್ ಮೊದಲ ವಾರ ಬೂತಾಯಿ ದಂಡೆ ಕಡೆ ತಿರುಗಿತು. ವರ್ಷದ ಅನ್ನ ಸಂಪಾದಿಸುವ ಆರು ವಾರ. ಮಳೆಯೂ ಜೊತೆಗೇ ಬಂತು. ಮೇಡಂ ಫೋನು ಮಾಡಿದ್ದು ಅದೇ ವಾರ.

"ಆರ್ಹಿನ್, ನಮ್ಮ ಸ್ಫೂರ್ತಿಯಿಂದ ಮೇಲೆ ಬಂದ ಒಬ್ಬಳು ಹೆಂಗಸು ಬೇಕು. ದೊಡ್ಡವರು ನೋಡೋಕೆ ಬರ್ತಿದಾರೆ."

"ಮೇಡಂ, ಸದ್ಯಕ್ಕೆ ನಮ್ಮಲ್ಲಿ ಮೇಲೆ ಹೋದದ್ದು ಮೂರು ತಗಡು ಮಾತ್ರ."

"ಯಾರವು?"

"ಅರಾಬಾ ಅವರವು."

"ಸರಿ, ಅವಳನ್ನೇ ಇಟ್ಕೊಳ್ಳಿ. ಗುರುವಾರ. ಅವಳ ಚಪ್ಪರದ ಮುಂದೆಯೇ ಆಗ್ಲಿ, ಸಹಜವಾಗಿರುತ್ತೆ."

ಹೀಗೆ ಸ್ಫೂರ್ತಿ ದಿನ ನಿಶ್ಚಯವಾಯಿತು. ಬ್ಯಾನರಿನ ಹೊಣೆ ನನ್ನದು. ಗಣ್ಯರ ಮುಖಕ್ಕೆ ತಲಾ ಎರಡು ಅಡಿ ಎಂಬ ಲೆಕ್ಕ ನಮ್ಮಲ್ಲಿ ಮೊದಲಿನಿಂದಲೂ ಇದೆ. ಮೇಡಂ, ದೊಡ್ಡವರು, ಅಧ್ಯಕ್ಷರು, ಅಧ್ಯಕ್ಷರನ್ನು ಪರಿಚಯಿಸುವವರು, ನಾನು. ಎರಡು ಬದಿಯ ಅಂಚಿಗೆ ಒಂದೊಂದು ಅಡಿ ಸೇರಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರವಾಯಿತು. ಅರಾಬಾ ಅವರ ಚಿತ್ರಕ್ಕೆ ಜಾಗ ಸಾಲದೆ, 'ಶ್ರೀಮತಿ ಅ. ಎ.' ಎಂದು ಮೂಲೆಯಲ್ಲಿ ಬರೆಸಿದೆ. ಬರೆಸಿದವನು ನಾನಾದ್ದರಿಂದ ನನ್ನ ಮುಖ ಉಳಿದವರಿಗಿಂತ ತುಸು ದೊಡ್ಡದಾಗಿ ನಟ್ಟನಡುವೆ ಬಂದದ್ದು ಮುದ್ರಣದ ಅನಿವಾರ್ಯತೆ. ಕಡಲ ಗಾಳಿ ತಡೆಯಲೆಂದು ಲಾರಿಗೆ ಹೊದಿಸುವಂಥ ದಪ್ಪ ಬಟ್ಟೆಗೆ ಹೇಳಿದ್ದೆ. ಆದರೂ ಗಾಳಿ ಹಾದುಹೋಗಲು ಒಂದು ಕಡೆ ಸೀಳು ಬೇಕೆಂದು ಮುದ್ರಕ ಕತ್ತರಿ ತೆಗೆದ. ಎಲ್ಲಿ ಎಂದು ಕೇಳಿದೆ. ಮಧ್ಯದಲ್ಲಿ ಎಂದ. ಸೀಳು ಸರಿಯಾಗಿ ನನ್ನ ಬಾಯಿಯ ಮೇಲೆ ಬಿತ್ತು. "ಗಾಳಿ ಇಲ್ಲಿಂದ ಹೋಗುತ್ತೆ ಸಾರ್" ಎಂದ.

ಗುರುವಾರ ಬೆಳಿಗ್ಗೆ ಅರಾಬಾ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, 'ಸ್ಫೂರ್ತಿಗೊಂಡ ಮಹಿಳೆ' ಎಂಬ ಪಟ್ಟಿಯನ್ನು ಹೆಗಲಿಂದ ಸೊಂಟಕ್ಕೆ ತೊಡಿಸಲಾಯಿತು. ಬ್ಯಾನರನ್ನು ಎರಡು ತೆಂಗಿನ ಕಂಬಕ್ಕೆ ಕಟ್ಟಿದ್ದೆವು. ಅದರ ಹಿಂದೆ ಮೂರು ತಗಡಿಲ್ಲದ ಚಪ್ಪರ ಮರೆಯಾಗಿ, ದೃಶ್ಯ ಲಕ್ಷಣವಾಗಿತ್ತು.

ಒಂಬತ್ತೂ ಮುಕ್ಕಾಲಿಗೆ ಅಧ್ಯಕ್ಷರು ಪೀಠಕ್ಕೆ ತಾವು ಯೋಗ್ಯರಲ್ಲವೆನ್ನಲು ಎದ್ದರು. ಅವರು ಅಂಚೆ ಇಲಾಖೆಗೆ ಸೇರಿದ ವರ್ಷಕ್ಕೆ ಬರುವ ಹೊತ್ತಿಗೆ ಎಗ್ಯಾ ಅಬಾಕಾ ಅವರ ದೋಣಿಯ ಬಾವುಟ ಅಲೆಗಳ ಮೇಲೆ ಕಾಣಿಸಿತು. ದೋಣಿ ನೀರಿನ ಮಟ್ಟಕ್ಕೆ ಕುಗ್ಗಿತ್ತು. ಅಷ್ಟು ಮೀನು.

"ಸಾರ್, ದೋಣಿ."

"ಅಧ್ಯಕ್ಷರು ಪೀಠ ಒಪ್ಕೊಳ್ತಿದಾರಮ್ಮ."

"ಒಪ್ಕೊಳ್ಳಿ, ಯಾರು ಬೇಡ ಅಂದ್ರು? ನಾನು ಹೋಗ್ಬೇಕು. ಇದು ಮೂರನೇ ಸಲ."

"ಸನ್ಮಾನ ಆಗೋಕೆ ಮುಂಚೆ ಸನ್ಮಾನಿತರು ಎದ್ರೆ ಪೀಠಕ್ಕೆ ಅವಮಾನ."

"ನಮ್ಮಮ್ಮ ನಿಂತ ಜಾಗ ಸಾರ್ ಅದು."

ಒದ್ದೆ ಮರಳಿನ ಮೇಲೆ ಎಫುವಾ ಆಗಲೇ ಬೋಗುಣಿ ಹಿಡಿದು ನಿಂತಿದ್ದರು. "ಅಕ್ಕಾ, ಕೂತ್ಕೋ, ಕೂತ್ಕೋ!" ಎಂದು ಅಲ್ಲಿಂದಲೇ ಕೈ ಬೀಸಿದರು. "ಪಟ್ಟಿ ಚೆನ್ನಾಗಿ ಕಾಣುತ್ತೆ! ಮೀನಿನ ಚಿಂತೆ ನಂಗಿರ್ಲಿ!"

ಅರಾಬಾ ಎದ್ದು ನಿಂತರು. ಅಧ್ಯಕ್ಷರನ್ನು, ದೊಡ್ಡವರನ್ನು, ಮೇಡಂ ಅವರನ್ನು ಒಂದು ಸುತ್ತು ನೋಡಿ, "ಇಲ್ಲ" ಎಂದರು. ಆಮೇಲೆ ಕುರ್ಚಿಯ ಕೆಳಗೆ ಕೈ ಹಾಕಿ ಬೋಗುಣಿ ತೆಗೆದರು. ಇಷ್ಟು ಹೊತ್ತೂ ಅದನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡೇ ಸ್ಫೂರ್ತಿಗೊಳ್ಳುತ್ತಿದ್ದರೆಂದು ನಮಗಾರಿಗೂ ತಿಳಿದಿರಲಿಲ್ಲ. ಓಡಿದರು.

"ನಮ್ಮ ತರಬೇತೀಲೇ ಕಲಿತದ್ದು" ಎಂದು ಮೇಡಂ ದೊಡ್ಡವರ ಕಿವಿಯಲ್ಲಿ ಹೇಳಿದರು. ದೊಡ್ಡವರು ಚಪ್ಪಾಳೆ ತಟ್ಟಿದರು.

ದೋಣಿಯ ಮೂತಿ ಮರಳಿಗೆ ತಾಗುವಾಗ ಅರಾಬಾ ಇನ್ನೂ ಹತ್ತು ಹೆಜ್ಜೆ ಹಿಂದಿದ್ದರು. ಮಳೆಯ ಮೊದಲ ಹನಿಗಳು ಬಿದ್ದದ್ದೂ ಆಗಲೇ.

"ಎಗ್ಯಾ, ಅವಳು ತಡ! ಮೂರಾಯ್ತು!" ಎಂದರು ಎಫುವಾ.

ಎಗ್ಯಾ ಅಬಾಕಾ ದೋಣಿಯ ಅಂಚಿನಿಂದ ನಿಧಾನವಾಗಿ ಇಳಿದರು. ಅರಾಬಾ ಅವರ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಓದು ಬಾರದು.

"ಇದೇನಮ್ಮ, ಗಾಯಕ್ಕೆ ಕಟ್ಟಿದಾರಾ?"

"ಹೌದು ಎಗ್ಯಾ. ಬೇಗ ವಾಸಿಯಾಗುತ್ತೆ."

"ನನ್ನ ಕಾಲಿನ್ನೂ ಮರಳು ಮುಟ್ಟಿರ್ಲಿಲ್ಲ, ನೀನು ಬಂದೆ. ಎರಡೇ. ಬೋಗುಣಿ ಹಿಡಿ."

ಮೀನು ಸಿಕ್ಕಿತು. ಆದರೆ ಮಳೆ ಈಗ ಸುರಿಯತೊಡಗಿತ್ತು. ಗಣ್ಯರು ಕಾರುಗಳೊಳಗೆ ಸೇರಿಕೊಂಡಿದ್ದರು. ಅರಾಬಾ ಬೆಳಿಗ್ಗೆಯೇ ಒಲೆ ಹಚ್ಚಿಟ್ಟಿದ್ದರು. ಮೂರು ತಗಡಿನ ಜಾಗದಿಂದ ನೀರು ಬಿದ್ದು ಕೆಂಡ ಸುಯ್ಯೆನ್ನುತ್ತಿತ್ತು. ಇಪ್ಪತ್ತು ಬೋಗುಣಿ ಹಸಿ ಬೂತಾಯಿ. ಸಂಜೆಯೊಳಗೆ ಹೊಗೆ ಕಾಣದಿದ್ದರೆ ಕೋಳಿಗೂ ಹಾಕುವಂತಿಲ್ಲ. ಮೀನು ಕೊಳೆಸಿದವಳಿಗೆ ಯಾವ ನಾಯಕನೂ ಮತ್ತೆ ಮೀನು ಕೊಡುವುದಿಲ್ಲ. ಅರಾಬಾ ಚಪ್ಪರದ ಮುಂದೆ ನಿಂತು ಸುತ್ತ ನೋಡಿದರು. ಅಲ್ಲಿ ಉಳಿದಿದ್ದವನು ನಾನೊಬ್ಬ, ಮೈಕು ಹಿಡಿದು, ಗಾಳಿಗೆ ಮುಂದಕ್ಕೆ ಬಾಗಿದ ಬ್ಯಾನರಿನ ಕೆಳಗೆ. ನಾನು ನೆನೆದಿರಲಿಲ್ಲ. ಅದನ್ನು ಅವರು ಗಮನಿಸಿದರು.

"ಸಾರ್, ಇದು ಎಷ್ಟು ಅಡಿ?"

"ಹನ್ನೆರಡು, ಎಂಟು."

"ಅವತ್ತೇ ಕೇಳಿದ್ದೆ. ನೀವು ಹೇಳ್ಲಿಲ್ಲ."

ಹಗ್ಗ ಬಿಚ್ಚಿದರು. ಎಫುವಾ ಓಡಿಬಂದು ಇನ್ನೊಂದು ತುದಿ ಹಿಡಿದರು. "ನನ್ನ ಸೂರೂ ಸೋರ್ತಿದೆ ಅಕ್ಕಾ. ಅರ್ಧ ಒಲೆ ಕೊಡ್ತೀಯಾ?"

"ಮೊದ್ಲು ಎಳಿಯೇ. ಕಾಲು ಒಲೆ ಕೊಡ್ತೀನಿ."

ನನ್ನ ಕೈಗೂ ಒಂದು ಹಗ್ಗ ಕೊಟ್ಟರು. ಕೆಲಸಕ್ಕೆ ಸೇರಿ ಒಂಬತ್ತು ವರ್ಷದಲ್ಲಿ ಒಬ್ಬ ಉದ್ಯಮಿ ಮಹಿಳೆಗೆ ನಾನು ಏನನ್ನಾದರೂ ಹಿಡಿದುಕೊಟ್ಟದ್ದು ಅದೇ ಮೊದಲು. ಚಿತ್ರವಿರುವ ಮಗ್ಗುಲನ್ನು ಕೆಳಕ್ಕೆ ಮಾಡಿ ಹೊದಿಸಿದರು. ಮೇಲಕ್ಕೆ ಮಾಡಿದರೆ ಕಾಗೆಗಳಿಗಷ್ಟೇ ಸ್ಫೂರ್ತಿ ಸಿಗುತ್ತದೆ ಎಂದು ಎಫುವಾ ಹೇಳಿದರು. ಒಲೆ ಮತ್ತೆ ಹತ್ತಿತು. ಅಷ್ಟೂ ಮೀನು ಹದವಾಗಿ ಹೊಗೆಯಾಡಿತು.

ಅಧ್ಯಕ್ಷರು ಕಾರಿನೊಳಗೆ ಕೂತು ಪೀಠವನ್ನು ಒಪ್ಪಿಕೊಂಡರೆಂದು ಚಾಲಕ ಬರೆದುಕೊಟ್ಟಿದ್ದಾನೆ. ಆದ್ದರಿಂದ ಕಾರ್ಯಕ್ರಮ ಕ್ರಮಬದ್ಧ.

ಬ್ಯಾನರು ಕಚೇರಿಯ ಸ್ವತ್ತು, ಕೂಡಲೇ ವಾಪಸು ತರತಕ್ಕದ್ದು ಎಂಬ ಪತ್ರ ಸೆಪ್ಟೆಂಬರಿನಲ್ಲಿ ಬಂತು. ತರಲು ಹೋದೆ, ಅರಾಬಾ ಬಿಸಿ ಮೀನು, ಕೆಂಕಿ ಕೊಟ್ಟರು, ತಿಂದು ವಾಪಸು ಬಂದೆ. ಕೊನೆಗೆ ಮೇಡಂ ಅವರೇ ತಪಾಸಣೆಗೆ ಬಂದರು. ಚಪ್ಪರದೊಳಗೆ ನಿಂತು ಕತ್ತೆತ್ತಿ ನೋಡಿದರು. ಸೂರಿನಿಂದ ತಮ್ಮ ಮುಖವೇ ಎರಡು ಅಡಿ ಅಗಲವಾಗಿ ತಮ್ಮನ್ನು ನೋಡುತ್ತಿತ್ತು. ಹೊಗೆ ಕುಡಿದು ಅದಕ್ಕೆ ಒಳ್ಳೆಯ ಬಣ್ಣ ಬಂದಿತ್ತು. ಮೇಡಂ ತಲೆಗೂದಲು ಸರಿಪಡಿಸಿಕೊಂಡರು.

"ಎಷ್ಟು ಜನ ನೋಡ್ತಾರೆ ಇದನ್ನ?"

"ಮೀನು ಕೊಳ್ಳೋಕೆ ಬಂದವರೆಲ್ಲ ನೋಡ್ತಾರೆ ಮೇಡಂ" ಎಂದರು ಅರಾಬಾ. "ಅಕ್ರಾದಿಂದಲೂ ಬರ್ತಾರೆ."

ಮರುವಾರ ಆದೇಶ ಹೊರಟಿತು. ಸದರಿ ಬ್ಯಾನರು 'ಕಣ್ಣಿಗೆ ಕಾಣುವ ನೆರವು' ಎಂದು ಘೋಷಿಸಲ್ಪಟ್ಟಿದೆ. ಅದನ್ನು ಪೂರ್ವಾನುಮತಿಯಿಲ್ಲದೆ ತೆಗೆಯುವುದಾಗಲಿ, ಅದರ ಮೇಲೆ ತಗಡು ಹಾಕುವುದಾಗಲಿ ನಿಷಿದ್ಧ. ಅಷ್ಟರಲ್ಲಿ ಸುಗ್ಗಿ ಮುಗಿದು ಅರಾಬಾ ಹೊಸ ಸೂರಿಗೆಂದು ಹದಿನಾರು ತಗಡು ತಂದಿಟ್ಟಿದ್ದರು. ಹಾಕುವಂತಿಲ್ಲವೆಂದು ತಿಳಿದ ಮೇಲೆ ಪಕ್ಕದಲ್ಲಿ ಎರಡನೆಯ ಚಪ್ಪರ ಎಬ್ಬಿಸಿ ಅದಕ್ಕೆ ಹಾಕಿದರು. ಈಗ ಅವರಿಗೆ ಎರಡು ದೋಣಿ. ಎರಡನೆಯದು ಎಫುವಾ ಅವರದಾಗಿತ್ತು; ಎಫುವಾ ಈ ವರ್ಷ ಮೂರು ಸಲ ತರಬೇತಿಗೆ ಹೋಗಿದ್ದರು. ವಾರ್ಷಿಕ ವರದಿಯಲ್ಲಿ ಇದನ್ನು ಉದ್ಯಮ ವಿಸ್ತರಣೆ ಎಂದು ತೋರಿಸಿದ್ದೇವೆ.

ಎಫುವಾ ತರಬೇತಿಗೆ ಹೋದದ್ದಕ್ಕೆ ಕಾರಣವಿದೆ. ಅವರ ಚಪ್ಪರ ಹದಿನಾರು ಅಡಿ. ಅರ್ಜಿಯ ಏಳನೆಯ ಕಲಮಿನಲ್ಲಿ 'ಭಯ' ಎಂದು ಗುರುತು ಹಾಕಿ, ಪಕ್ಕದಲ್ಲಿ 'ಏಳು ಗಣ್ಯರು ಬೇಕು, ದಪ್ಪ ಬಟ್ಟೆ' ಎಂದು ಬರೆದಿದ್ದರು. ಅವರ ಸ್ಫೂರ್ತಿ ದಿನವೂ ಚೆನ್ನಾಗಿ ನಡೆಯಿತು. ಬ್ಯಾನರು ಅಂದೇ ಸೂರು ಸೇರಿತು. ಹೋದ ದೋಣಿಯ ಬದಲು ಬೇರೊಂದು ದೋಣಿಯನ್ನು ಮಾತಾಡಿಕೊಂಡಿದ್ದೇನೆಂದು ಅವರೇ ನನಗೆ ತಿಳಿಸಿದರು.

ಈ ಒಂದು ವರ್ಷದಲ್ಲಿ ದಂಡೆಯ ನಲವತ್ತೊಂದು ಮಂದಿ ಮಹಿಳೆಯರು ಸ್ಫೂರ್ತಿ ಕೋರಿ ಅರ್ಜಿ ಹಾಕಿದ್ದಾರೆ. ಎಲ್ಲರೂ ಚಪ್ಪರದ ಅಳತೆ ಲಗತ್ತಿಸಿದ್ದಾರೆ. ಗಣ್ಯರ ಕೊರತೆಯಿಂದಾಗಿ ಎಗ್ಯಾ ಅಬಾಕಾ ಅವರನ್ನೂ ಮೂರು ಬ್ಯಾನರಿಗೆ ಸೇರಿಸಿಕೊಂಡಿದ್ದೇವೆ. ಒಂದೇ ಷರತ್ತು ಹಾಕಿ ಅವರು ಒಪ್ಪಿದರು. ಹಾಗಾಗಿ ಕಾರ್ಯಕ್ರಮಗಳೆಲ್ಲ ಈಗ ಮಂಗಳವಾರವೇ ನಡೆಯುತ್ತವೆ. ನಾನು ಕಾಯಿ ಆಟ ಬಿಟ್ಟಿದ್ದೇನೆ.

ಅರಾಬಾ ಅವರ ಹಳೆಯ ಚಪ್ಪರವನ್ನು ಈ ವರ್ಷದ ಮಳೆಗಾಲದಲ್ಲಿ ನಿಯಮಾನುಸಾರ ಪರಿಶೀಲಿಸಿ ವರದಿ ಸಲ್ಲಿಸಿದ್ದೇನೆ. ಅದು ನನ್ನ ಬಾಯಿಯ ಹತ್ತಿರ ಮಾತ್ರ ಸೋರುತ್ತದೆ. ಕೆಳಗೆ ಒಂದು ಬೋಗುಣಿ ಇಟ್ಟಿದ್ದಾರೆ.